ಓಟಿಪಿ ಯಾರಿಗೂ ಹೇಳದಿದ್ದರೆ ಸಾಕಲ್ವಾ?

ಪ್ರಶ್ನೆ: ಮನೆ ಡೊಂಬಿವಲಿಯಲ್ಲಿ, ಕ್ಯಾಂಟೀನ್ ಮುಂಬೈನ ಫೋರ್ಟ್‌ನಲ್ಲಿ. ಓಟಿಪಿ ಯಾರಿಗೂ ಹೇಳಬೇಡಿ ಅಂತಾರೆ, ನಾನಂತೂ ಹೇಳಲ್ಲ. ಅಷ್ಟು ಸಾಕಲ್ವಾ?

ಸಾಲದು. ಓಟಿಪಿ ಬರುವುದು ನಿಮಗಲ್ಲ, ನಿಮ್ಮ ನಂಬರಿಗೆ. ಆ ನಂಬರ್ ಈಗ ಯಾರ ಕೈಲಿದೆ ಅಂತ ಮೆಸೇಜ್ ನೋಡುವುದಿಲ್ಲ.

ಹಳೇ ದಾರಿ ಸಿಮ್ ಸ್ವಾಪ್. ಸಿಮ್ ಕಳೆದಿದೆ ಅಂತ ನಕಲಿ ಗುರುತಿನ ಚೀಟಿ ತೋರಿಸಿ ನಿಮ್ಮ ನಂಬರಿಗೆ ಬೇರೆ ಸಿಮ್ ತೆಗೆಸುತ್ತಾರೆ. ಅದು ಚಾಲೂ ಆದ ಕ್ಷಣ ನಿಮ್ಮದು ಬಂದ್. ಲೋಕಲ್ ರೈಲಿನಲ್ಲಿ ನೆಟ್‌ವರ್ಕ್ ಹೋಗುವುದು ನಮಗೆ ಹೊಸದಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಥಾಣೆ ದಾಟಿದರೂ, ಪಕ್ಕದವರ ಫೋನ್‌ನಲ್ಲಿ ಕಡ್ಡಿ ತುಂಬಿದ್ದರೂ ನಿಮ್ಮದು ಖಾಲಿಯಾಗಿದ್ದರೆ, ಅವರದೇ ಫೋನ್ ಕೇಳಿ ಮೊಬೈಲ್ ಕಂಪನಿಗೆ ಕರೆ ಮಾಡಿ. ಬದಲಿ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ತಡೆಯಬೇಕು ಅಂತ ನಿಯಮ ಇದೆ. ನಿಮಗಿರುವ ಟೈಮ್ ಅಷ್ಟೇ.

ಈಗ ಜಾಸ್ತಿ ಭಯ ಬೇರೆಯದರದ್ದು. ಮೊನ್ನೆ ನಮ್ಮ ಮಾವನ ವಾಟ್ಸಾಪ್‌ಗೆ ಮದುವೆ ಕಾಗದ ಬಂತು. ಫೋಟೋ ಅಲ್ಲ, ಪಿಡಿಎಫ್ ಅಲ್ಲ. ಹೆಸರಿನ ಕೊನೆಗೆ ಎಪಿಕೆ ಅಂತಿತ್ತು, ಅಂದರೆ ಅದೊಂದು ಆಪ್. ಇಂಥದ್ದನ್ನು ಹಾಕಿಕೊಂಡರೆ ಮೊದಲು ಕೇಳುವುದೇ ಮೆಸೇಜ್ ಓದುವ ಪರ್ಮಿಷನ್. ಮದುವೆ ಕಾಗದಕ್ಕೆ ನಮ್ಮ ಮೆಸೇಜ್ ಯಾಕೆ ಬೇಕು ಸ್ವಾಮಿ? ‘ಅಲೋ’ ಒತ್ತಿದಿರೋ, ಆಮೇಲೆ ಬರುವ ಪ್ರತಿ ಓಟಿಪಿ ಸದ್ದಿಲ್ಲದೆ ಕಳ್ಳನಿಗೂ ಹೋಗುತ್ತದೆ. ನೀವು ಬಾಯಿ ಬಿಟ್ಟೇ ಇರುವುದಿಲ್ಲ! ಬರೀ ಓಟಿಪಿಯಿಂದ ದುಡ್ಡು ಹೋಗದು, ಕಾರ್ಡ್ ನಂಬರೋ ಪಾಸ್‌ವರ್ಡೋ ಬೇಕು. ಏನೋ ನೆಪ ಹೇಳಿ ಅದನ್ನೂ ಇದೇ ಆಪ್ ತುಂಬಿಸಿಕೊಳ್ಳುತ್ತದೆ. ಟ್ರಾಫಿಕ್ ಚಲನ್ ಹೆಸರಲ್ಲೂ ಇದೇ ಆಟ.

ಎಸ್‌ಎಸ್7 ಅಂತ ಇನ್ನೊಂದು ತೂತಿದೆ. ಮೊಬೈಲ್ ಕಂಪನಿಗಳು ತಮ್ಮೊಳಗೆ ಕರೆ, ಮೆಸೇಜ್ ದಾಟಿಸುವ ಹಳೇ ವ್ಯವಸ್ಥೆ ಅದು. ಒಳಗೆ ಬಂದವರನ್ನೆಲ್ಲ ನಂಬುತ್ತದೆ. 2017ರಲ್ಲಿ ಜರ್ಮನಿಯಲ್ಲಿ ಕಳ್ಳರು ಅದರ ಮೂಲಕ ಬ್ಯಾಂಕಿನ ಮೆಸೇಜನ್ನೇ ತಮ್ಮ ಕಡೆ ತಿರುಗಿಸಿಕೊಂಡು ಖಾತೆ ಬರಿದು ಮಾಡಿದ್ದರು. ಕ್ಯಾಂಟೀನ್ ಗಲ್ಲಾಕ್ಕೆ ಅಷ್ಟು ಕಷ್ಟ ಯಾರೂ ಪಡುವುದಿಲ್ಲ ಬಿಡಿ.

ನಿಮ್ಮ ಬ್ಯಾಂಕಿನ ಆಪ್‌ನಲ್ಲೇ ಒಪ್ಪಿಗೆ ಕೊಡುವ ಸೌಲಭ್ಯ ಇದ್ದರೆ ಅದಕ್ಕೆ ಬದಲಾಯಿಸಿ. ಅದು ನಿಮ್ಮ ಫೋನಿಗೇ ಕಟ್ಟಿರುತ್ತದೆ, ಸಿಮ್ ಕದ್ದವನಿಗೆ ಸಿಗದು. ದುಡ್ಡು ಹೋದದ್ದು ಕಂಡರೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಿ. ಕ್ಯಾಂಟೀನ್ ಮುಚ್ಚುವ ತನಕ ಕಾಯಬೇಡಿ.