ರೆಸಲ್ಯೂಷನ್ ಇಳಿಸಬೇಡಿ, ಸ್ಕೇಲ್ ಏರಿಸಿ

27 ಇಂಚಿನ 4ಕೆ (3840×2160 ಪಿಕ್ಸೆಲ್) ಮಾನಿಟರ್ ತಂದು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದವರು ನನಗೆ ಮೊದಲು ಹೇಳುವುದು, "ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತಿದೆ" ಅಂತ. ಹೋಗಿ ನೋಡಿದರೆ ಹಲವರು ಆಗಲೇ ರೆಸಲ್ಯೂಷನ್ನನ್ನು 1920×1080ಕ್ಕೆ ಇಳಿಸಿಕೊಂಡಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಕ್ಷರವೇನೋ ದೊಡ್ಡದಾಗುತ್ತದೆ. ಆದರೆ ನಾಲ್ಕು ಪಿಕ್ಸೆಲ್ ಸೇರಿ ಒಂದರ ಕೆಲಸ ಮಾಡುತ್ತವೆ. ಒತ್ತಕ್ಷರ ಕೂಡ ಕಣ್ಣಿಗೆ ನಿಚ್ಚಳವಾಗಿ ಕಾಣಲಿ ಅಂತಲೇ ಇಂಥ ಪರದೆ ತಂದದ್ದು, ಅಲ್ವಾ?

ಇಂಚಿಗೆ ಸುಮಾರು 96 ಪಿಕ್ಸೆಲ್ ಇರುತ್ತವೆ ಎಂಬ ಲೆಕ್ಕದಲ್ಲೇ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬೆಳೆದು ಬಂದಿದೆ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ 92 ಇರುತ್ತವೆ, ತೊಂದರೆಯಿಲ್ಲ. 27 ಇಂಚಿನ 4ಕೆಯಲ್ಲಿ 163. ಪಿಕ್ಸೆಲ್ ಒತ್ತೊತ್ತಾದಷ್ಟೂ ಅಕ್ಷರ ಚಿಕ್ಕದಾಗುತ್ತದೆ. ಹಾಗಾಗಿ 100% ಸ್ಕೇಲ್ (ಅಕ್ಷರ, ಬಟನ್‌ಗಳನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆಂಬ ಲೆಕ್ಕ) ತೀರಾ ಚಿಕ್ಕದು, 200% ಜಾಸ್ತಿ ದೊಡ್ಡದು. ಹೆಚ್ಚಿನವರ ಕಣ್ಣಿಗೆ ಒಗ್ಗುವುದು 150%.

ಕಷ್ಟ ಇರುವುದೇ ಈ ಒಂದೂವರೆಯಲ್ಲಿ. ಲಿನಕ್ಸಿನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯ ಹೆಸರು ವೇಲ್ಯಾಂಡ್, ಹಳೆಯದು ಎಕ್ಸ್11. ವೇಲ್ಯಾಂಡ್‌ನಲ್ಲಿ ಮೊದಲು ಆ್ಯಪ್‌ಗಳಿಗೆ 1, 2, 3 ಎಂಬ ಪೂರ್ಣ ಸಂಖ್ಯೆ ಮಾತ್ರ ಗೊತ್ತಿತ್ತು. 150% ಬೇಕೆಂದರೆ ಎಲ್ಲವನ್ನೂ ಎರಡು ಪಟ್ಟು, ಅಂದರೆ 5120×2880 ಲೆಕ್ಕದಲ್ಲಿ ಬರೆದು, ಆಮೇಲೆ 3840×2160ಕ್ಕೆ ಕುಗ್ಗಿಸಬೇಕಿತ್ತು. ಗ್ರಾಫಿಕ್ಸ್‌ಗೆ ಹೊರೆ, ಅಂಚು ಸ್ವಲ್ಪ ಮೆತ್ತಗೆ. 2022ರ ಕೊನೆಗೆ ಭಿನ್ನ ಸಂಖ್ಯೆಯ ಸ್ಕೇಲಿಂಗ್‌ಗೇ ಒಂದು ಪ್ರೋಟೋಕಾಲ್ (ಆ್ಯಪ್ ಮತ್ತು ಡೆಸ್ಕ್‌ಟಾಪ್ ಮಾತಾಡಿಕೊಳ್ಳುವ ನಿಯಮ) ಬಂತು. ಅದನ್ನು ಬಲ್ಲ ಆ್ಯಪ್ ನೇರವಾಗಿ ಒಂದೂವರೆ ಪಟ್ಟಿನಲ್ಲೇ ಬರೆಯುತ್ತದೆ. ಲಿನಕ್ಸಿನ ಡೆಸ್ಕ್‌ಟಾಪ್‌ಗಳಲ್ಲಿ ಒಂದಾದ ಕೆಡಿಇ ಪ್ಲಾಸ್ಮಾದಲ್ಲಿ 5.27ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ. ಡೆಸ್ಕ್‌ಟಾಪ್ ಹಳೆಯದಾಗಿದ್ದರೆ ಮೊದಲು ಅಪ್‌ಡೇಟ್ ಮಾಡಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಆಮೇಲೂ ಯಾವುದೋ ಒಂದೇ ವಿಂಡೋ ಮಸುಕಾಗಿದ್ದರೆ, ಅದು ಹಳೆಯ ಎಕ್ಸ್11 ದಾರಿಯಲ್ಲಿ ಓಡುತ್ತಿರಬಹುದು. ಪತ್ತೆ ಹಚ್ಚಲು ನಾನು 'ಎಕ್ಸ್‌ಐಸ್' (xeyes) ಎಂಬ ಪುಟ್ಟ ಪ್ರೋಗ್ರಾಂ ತೆರೆಯುತ್ತೇನೆ. ಪರದೆಯ ಮೇಲೆ ಎರಡು ಕಣ್ಣು ಬರುತ್ತವೆ. ಅನುಮಾನದ ವಿಂಡೋ ಮೇಲೆ ಮೌಸ್ ಆಡಿಸಿ. ಕಣ್ಣು ಹಿಂಬಾಲಿಸಿದರೆ ಅದು ಎಕ್ಸ್11 ಆ್ಯಪ್, ಸುಮ್ನೆ ನಿಂತಿದ್ದರೆ ವೇಲ್ಯಾಂಡ್. ವೆಬ್ ತಂತ್ರಜ್ಞಾನದಿಂದ ಕಟ್ಟಿದ ಎಲೆಕ್ಟ್ರಾನ್ ಆ್ಯಪ್‌ಗಳಲ್ಲಿ ಇದನ್ನು ಬಹಳ ಸಲ ಕಂಡಿದ್ದೇನೆ. ಅವನ್ನು ವೇಲ್ಯಾಂಡ್ ಮೋಡ್‌ನಲ್ಲಿ ಶುರು ಮಾಡಿದರೆ ಅಕ್ಷರ ತಿಳಿಯಾಗುತ್ತದೆ.

ಇನ್ನೊಂದು ವಿಷಯ ಗಟ್ಟಿಯಾಗಿಯೇ ಹೇಳುತ್ತೇನೆ. ಎಲ್ಲೋ ಸಿಕ್ಕ ಸಾಲುಗಳನ್ನೆಲ್ಲ ಕಾನ್ಫಿಗ್ ಫೈಲಿಗೆ ಸೇರಿಸಬೇಡಿ. ಡೆಸ್ಕ್‌ಟಾಪ್‌ನಲ್ಲಿ 200% ಇಟ್ಟು, ಕ್ಯೂಟಿ (ಆ್ಯಪ್ ಕಟ್ಟುವ ಒಂದು ಸಲಕರಣೆ) ಬಳಸುವ ಆ್ಯಪ್‌ಗಳಿಗೂ ಬೇರೆಯಾಗಿ 2 ಎಂದು ಕೊಟ್ಟರೆ ಎರಡೂ ಗುಣಿಸಿಕೊಂಡು ನಾಲ್ಕು ಪಟ್ಟಾಗುತ್ತದೆ. ಸ್ಕೇಲ್ ಒಂದೇ ಕಡೆ ಇರಲಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ. ಲ್ಯಾಪ್‌ಟಾಪ್ ಪರದೆಗೆ 200%, ಹೊರಗಿನ ಮಾನಿಟರಿಗೆ 150% ಬೇಕಿದ್ದರೂ ವೇಲ್ಯಾಂಡ್‌ನಲ್ಲಿ ಅಲ್ಲೇ ಆಗುತ್ತದೆ. ಎಕ್ಸ್11ರಲ್ಲಿ ಹೀಗೆ ಒಂದೊಂದಕ್ಕೆ ಒಂದೊಂದು ಸ್ಕೇಲ್ ಹೊಂದಿಸುವುದು ದೊಡ್ಡ ಹೆಣಗಾಟ.

ಅಕ್ಷರ ಸರಿಯಾದ ಮೇಲೂ ಮೌಸ್ ಎಳೆದಂತೆ ನಿಧಾನವಾಗಿ ಸಾಗುತ್ತಿದ್ದರೆ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬ ಲೆಕ್ಕ) ನೋಡಿ. 30 ಹರ್ಟ್ಸ್ ಇದ್ದರೆ ಸಂಪರ್ಕ ಎಚ್‌ಡಿಎಂಐ 1.4 ಮಟ್ಟದಲ್ಲಿ ನಿಂತಿರಬಹುದು. 4ಕೆಯಲ್ಲಿ 60 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಕಂಪ್ಯೂಟರ್, ಕೇಬಲ್, ಮಾನಿಟರ್ ಮೂರೂ ಅದಕ್ಕೆ ತಕ್ಕಂತಿರಬೇಕು.