ಕೊಳದ ತಳದಲ್ಲಿ ಉಸುಕು ಕಂಡಾಗ

ಕಳೆದ ಬೇಸಿಗೆಯಲ್ಲಿ ಗಂಗಾವತಿ ಸಮೀಪದ ಒಂದು ರೆಸಾರ್ಟಿನಿಂದ ಕರೆ ಬಂದಿತ್ತು. ಫಿಲ್ಟರಿನ ಉಸುಕು ಬದಲಾಯಿಸಿ ವಾರವಾಗಿಲ್ಲ, ಆದರೂ ಈಜುಕೊಳದ ನೀರು ಮಬ್ಬಾಗಿದೆ, ತಳದಲ್ಲಿ ಉಸುಕು ಬೇರೆ ಬೀಳುತ್ತಿದೆ ಎಂಬುದು ದೂರು. ಯಾವ ಉಸುಕು ಹಾಕಿದಿರಿ ಎಂದರೆ ಕೆಲಸದ ಹುಡುಗ ಹೆಮ್ಮೆಯಿಂದಲೇ, “ಹೊಳಿ ಉಸುಕ್ರಿ ಸರ, ಜರಡಿ ಹಿಡದು, ಮೂರು ಸಲ ತೊಳದು ಹಾಕೀವ್ರಿ” ಎಂದ.

ಎಷ್ಟು ತೊಳೆದರೂ ಹೊಳೆ ಉಸುಕು ಫಿಲ್ಟರಿಗೆ ಒಗ್ಗುವುದಿಲ್ಲ. ದಪ್ಪ ಕಾಳುಗಳ ಸಂದಿನಲ್ಲಿ ಸಣ್ಣ ಕಾಳುಗಳು ಕೂತು ಗಟ್ಟಿಯಾಗುವುದು ಗಾರೆಗೆ ಬೇಕಾದ ಗುಣ; ಫಿಲ್ಟರಿನಲ್ಲಾದರೋ ಆ ಸಂದುಗಳೇ ಕೆಲಸ ಮಾಡಬೇಕು. ಆದ್ದರಿಂದಲೇ 0.45ರಿಂದ 0.55 ಮಿ.ಮೀ. ಗಾತ್ರದ, ಒಂದೇ ಸಮನಾದ ಸಿಲಿಕಾ ಉಸುಕನ್ನು ಬಳಸುತ್ತಾರೆ. ಅದು ಸುಮಾರು 20ರಿಂದ 40 ಮೈಕ್ರಾನ್‌ವರೆಗಿನ (ಸಾವಿರ ಮೈಕ್ರಾನ್ ಎಂದರೆ ಒಂದು ಮಿ.ಮೀ.) ಸಣ್ಣ ಕೊಳೆಯನ್ನೂ ಹಿಡಿಯುತ್ತದೆ. ಎಂ-ಸ್ಯಾಂಡ್ ಅಂತೂ ಬೇಡವೇ ಬೇಡ, ಅದರೊಳಗಿನ ಕಲ್ಲುಪುಡಿಯೇ ನೀರನ್ನು ಕೆಡಿಸುತ್ತದೆ.

ಆದರೆ ತಳದಲ್ಲಿ ಬಿದ್ದ ಉಸುಕಿಗೆ ಕಾರಣ ಬೇರೆಯೇ ಇತ್ತು. ಫಿಲ್ಟರಿನ ಟ್ಯಾಂಕು ಬರಿದು ಮಾಡಿ ನೋಡಿದಾಗ ಅಡಿಯಲ್ಲಿರುವ, ಸೀಳುಗಳುಳ್ಳ ಪ್ಲಾಸ್ಟಿಕ್ ಕೊಳವೆಗಳ ಪೈಕಿ, ಅಂದರೆ ಲ್ಯಾಟರಲ್‌ಗಳ ಪೈಕಿ, ಎರಡು ಬುಡದಲ್ಲೇ ಮುರಿದಿದ್ದವು. ಒಣ ಟ್ಯಾಂಕಿಗೆ ಚೀಲಗಟ್ಟಲೆ ಉಸುಕನ್ನು ಮೇಲಿನಿಂದ ಸುರಿದರೆ ಆಗುವುದೇ ಹೀಗೆ. ಮೊದಲು ಟ್ಯಾಂಕಿನ ಅರ್ಧದಷ್ಟು ನೀರು ತುಂಬಿ, ನಡುವಿನ ಪೈಪಿನ ಬಾಯಿಯನ್ನು ಟೇಪಿನಿಂದ ಮುಚ್ಚಿ, ಪೈಪು ಅಲುಗದಂತೆ ಹಿಡಿದುಕೊಂಡು ಉಸುಕನ್ನು ನಿಧಾನವಾಗಿ ಇಳಿಸಬೇಕು. ಹೊಸ ಉಸುಕು ಹಾಕಿದ ಮೇಲೆ ನೀರನ್ನು ಹಿಮ್ಮುಖವಾಗಿ ಹರಿಸಿ ಉಸುಕು ತೊಳೆಯುವ ಬ್ಯಾಕ್‌ವಾಶ್ ಮತ್ತು ಆಮೇಲೆ ನೇರ ಹರಿಸಿ ಮೊದಲ ನೀರನ್ನು ಹೊರಬಿಡುವ ರಿನ್ಸ್ ಎರಡನ್ನೂ ಮಾಡದೆ ಫಿಲ್ಟರನ್ನು ಚಾಲೂ ಮಾಡಿದರೂ ಉಸುಕಿನ ಸ್ವಲ್ಪ ನುಣ್ಣನೆಯ ಪುಡಿ ಕೊಳಕ್ಕೆ ಬರುತ್ತದೆ. ಅದು ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ ಲ್ಯಾಟರಲ್ ಮೇಲೆ ಅನುಮಾನ ಪಡಬಹುದು.

ತಳದಲ್ಲಿ ಕಂಡದ್ದೆಲ್ಲ ಉಸುಕೂ ಅಲ್ಲ. ಒಂದು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿ ನೋಡಿ: ಗರಗರ ಎಂದರೆ, ಮತ್ತು ಅದು ನೀರು ವಾಪಸು ಬರುವ ರಿಟರ್ನ್ ಬಾಯಿಯ ಕೆಳಗೇ ಗುಡ್ಡೆಯಾಗಿದ್ದರೆ, ಫಿಲ್ಟರಿನ ಉಸುಕು. ಬೆರಳಿಗೆ ಕೆಂಪಗೆ ಮೆತ್ತಿಕೊಂಡರೆ ಧೂಳು. ಸಂಡೂರು ಕಡೆಯ ಕೊಳಗಳಲ್ಲಿ ಅದಿರಿನ ಈ ಧೂಳೇ ಹೆಚ್ಚು. ಅದರ ಬಹುಭಾಗ ಫಿಲ್ಟರಿನಲ್ಲಿ ನಿಲ್ಲದಷ್ಟು ನುಣ್ಣಗಿರುವುದರಿಂದ ರಾತ್ರಿ ಪಂಪು ನಿಲ್ಲಿಸಿ, ಪಟಿಕ ಹಾಕಿ ತಳಕ್ಕೆ ಕೂರಿಸಿ, ಬೆಳಿಗ್ಗೆ ನೀರು ಫಿಲ್ಟರಿಗೆ ಹೋಗದೆ ನೇರ ಹೊರಹೋಗುವಂತೆ ವಾಲ್ವನ್ನು ವೇಸ್ಟ್‌ಗೆ ತಿರುಗಿಸಿ ವ್ಯಾಕ್ಯೂಮ್ ಮಾಡಿ ಹೊರಹಾಕುವುದೇ ದಾರಿ.

ದಿನಾ ಬ್ಯಾಕ್‌ವಾಶ್ ಮಾಡುವವರನ್ನೂ ಕಂಡಿದ್ದೇನೆ. ತುಸು ಕೊಳೆ ಕಟ್ಟಿದ ಉಸುಕೇ ನುಣ್ಣನೆಯ ಕಣವನ್ನು ಚೆನ್ನಾಗಿ ಹಿಡಿಯುತ್ತದೆ ಎಂದರೆ ಅವರು ನಂಬುವುದಿಲ್ಲ. ಗೇಜಿನ ಮುಳ್ಳು ಶುದ್ಧ ಸ್ಥಿತಿಯ ಒತ್ತಡಕ್ಕಿಂತ 8ರಿಂದ 10 ಪಿ.ಎಸ್.ಐ. ಏರಿದಾಗ ಮಾಡಿದರೆ ಸಾಕು, ಆದರೆ ಪಂಪು ನಿಲ್ಲಿಸದೆ ವಾಲ್ವಿನ ಹಿಡಿಕೆ ತಿರುಗಿಸಬಾರದು. ಗಡಸು ಬೋರ್ ನೀರಿರುವ ಕಡೆ ಉಸುಕು ಸುಣ್ಣ ಹಿಡಿದು ಹೆಂಟೆ ಕಟ್ಟುತ್ತದೆ, ನೀರು ಹೆಂಟೆಗಳ ಪಕ್ಕದಿಂದ ಶೋಧನೆಯಾಗದೆ ಹರಿದುಹೋಗುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಮುಚ್ಚಳ ತೆಗೆದು ಕೈಹಾಕಿ ನೋಡುವುದು ಒಳ್ಳೆಯದು.

ಹೊಳೆ ಉಸುಕಿಗೆ ಜಾಗವಿರುವುದು ಫೈಬರ್ ಕೊಳದ, ಅಂದರೆ ಅಚ್ಚಿನಲ್ಲಿ ತಯಾರಿಸಿ ತಂದು ಗುಂಡಿಯಲ್ಲಿ ಕೂರಿಸುವ ಕೊಳದ, ಅಡಿಯಲ್ಲಿ. ಸಿಂಧನೂರು ಕಡೆಯ ಎರೆಭೂಮಿ ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ, ಎರೆಮಣ್ಣನ್ನು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಅದರ ಮೇಲೆ ಉಸುಕಿನ ಹಾಸು ಸಮಮಾಡಬೇಕು. ಕಾಲಿಟ್ಟಲ್ಲಿ ತಳ ಟೊಳ್ಳೆನಿಸಿದರೆ ಪೈಪು ಸೋರಿ ಉಸುಕು ಕೊಚ್ಚಿಹೋಗಿರಬಹುದು. ಆಗ ಗಾಬರಿಯಿಂದ ಕೊಳ ಬರಿದು ಮಾಡಬೇಡಿ: ಕಾಲುವೆಗೆ ನೀರು ಬಿಟ್ಟು ಸುತ್ತಲ ಗದ್ದೆಗಳು ತುಂಬಿರುವ ದಿನಗಳಲ್ಲಿ ನೆಲದೊಳಗಿನ ನೀರು ಖಾಲಿ ಕೊಳವನ್ನೇ ಮೇಲಕ್ಕೆ ಎತ್ತಿಬಿಡುತ್ತದೆ.