ಖಣ ಕೊಂಡ ಮೇಲೂ ಖಣದ್ದೇ ಜಾಹೀರಾತು ಯಾಕೆ?

ಪ್ರಶ್ನೆ: ಅಕ್ಕನ ಮದುವಿಗೆ ಗುಳೇದಗುಡ್ಡ ಖಣ ನೋಡೂಣಂತ ಮೊಬೈಲ್‌ನ್ಯಾಗ ಒಂದ್ಸಲ ಹುಡುಕಿದ್ದೆ. ಆಮ್ಯಾಲ ಗುಳೇದಗುಡ್ಡಕ್ಕ ಹೋಗಿ ತಂದೂ ಆತು. ಆದ್ರೂ ಯಾವ ಆ್ಯಪ್ ತಗದ್ರೂ ಖಣದ್ದ ಜಾಹೀರಾತು. ರೊಕ್ಕ ಕೊಡಲಾರ್ದ ಇದನ್ನ ನಿಂದರ್ಸಾಕ ಬರ್ತೈತೇನ್ರಿ?
(ಒಬ್ಬ ಓದುಗರು, ನವನಗರ, ಬಾಗಲಕೋಟೆ)

ಬರ್ತೈತ್ರಿ. ಪೂರ್ತಿ ಅಲ್ಲ, ಆದರೆ ಬಹುಪಾಲು.

ನೀವು ಖಣ ನೋಡಿದ ವೆಬ್‌ಸೈಟ್‌ನಲ್ಲಿ ಅಂಗಡಿಯವರು ಒಬ್ಬರೇ ಇರುವುದಿಲ್ಲ. ಗೂಗಲ್, ಮೆಟಾದಂಥ ಜಾಹೀರಾತು ಕಂಪನಿಗಳ ಪುಟ್ಟ ಕೋಡ್ ಕೂಡ ಆ ಪುಟದೊಳಗೆ ಇರುವುದುಂಟು. ಅದು ನಿಮ್ಮ ಬ್ರೌಸರ್‌ನಲ್ಲಿ ಕುಕಿ ಎಂಬ ಗುರುತು ಬಿಡುತ್ತದೆ. ಆ್ಯಪ್‌ಗಳಲ್ಲಿ ಇದೇ ಕೆಲಸಕ್ಕೆ ಫೋನಿನ ಜಾಹೀರಾತು ಐಡಿ ಇದೆ. ಖಣ ನೋಡಿದ್ದು ಹೀಗೆ ಅವರಿಗೆ ಗೊತ್ತಾಯಿತು. ನೀವು ಗುಳೇದಗುಡ್ಡದಲ್ಲಿ ನಗದು ಕೊಟ್ಟು ತಂದಿದ್ದರೆ ಅದು ಗೊತ್ತಾಗಿಲ್ಲ. ಇನ್ನೂ ಕೊಂಡಿಲ್ಲ ಅಂದುಕೊಂಡು ಬೆನ್ನು ಬಿದ್ದಿದ್ದಾರೆ ಅಷ್ಟೆ.

ಮೊದಲು ಆ ಐಡಿ ಅಳಿಸಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಆ್ಯಡ್ಸ್’ ಅಂತ ಟೈಪ್ ಮಾಡಿ. ಒಂದೊಂದು ಕಂಪನಿಯ ಫೋನಿನಲ್ಲಿ ಇದು ಒಂದೊಂದು ಮೂಲೆಯಲ್ಲಿರುತ್ತದೆ, ಹುಡುಕುವುದೇ ಸುಲಭ. ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’ ಒತ್ತಿ. ಆಮೇಲೆ ಯಾವ ಆ್ಯಪ್ ಐಡಿ ಕೇಳಿದರೂ ಸಾಲು ಸೊನ್ನೆಗಳು ಸಿಗುತ್ತವೆ! ಐಫೋನ್‌ನಲ್ಲಿ 2021ರಿಂದ ಆ್ಯಪ್‌ಗಳು ಹೀಗೆ ಬೆನ್ನು ಹತ್ತಲು ಅನುಮತಿ ಕೇಳಲೇಬೇಕು. ಪ್ರೈವಸಿ ವಿಭಾಗದ ‘ಟ್ರ್ಯಾಕಿಂಗ್’ನಲ್ಲಿ ಹಾಗೆ ಕೇಳುವುದನ್ನೇ ಆಫ್ ಮಾಡಬಹುದು.

ಬ್ರೌಸರ್‌ಗೆ ನನ್ನ ಆಯ್ಕೆ ಫೈರ್‌ಫಾಕ್ಸ್. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಧನ) ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ. ಅದರಲ್ಲಿ ಜಾಹೀರಾತು ತಡೆಯುವ ‘ಯುಬ್ಲಾಕ್ ಆರಿಜಿನ್’ ಹಾಕಿಕೊಳ್ಳಿ. ಹೆಸರು ಸರಿಯಾಗಿ ನೋಡಿ, ಬರೀ ‘ಯುಬ್ಲಾಕ್’ ಬೇರೆಯವರದು. ಒಂದೇ ಸುದ್ದಿಪುಟ ತೆರೆದು ಮೆನುವಿನಲ್ಲಿ ಯುಬ್ಲಾಕ್ ಆರಿಜಿನ್ ಒತ್ತಿದರೆ, ಹೊರಗಿನ ಜಾಹೀರಾತು ಕೋಡ್‌ಗಳ ಎಷ್ಟು ಕೋರಿಕೆ ತಡೆಯಿತು ಅನ್ನೋ ಲೆಕ್ಕ ಕಾಣುತ್ತದೆ. ಒಮ್ಮೆ ನೋಡಿ, ಗಾಬರಿಯಾಗುತ್ತದೆ.

ಆ್ಯಪ್‌ಗಳೊಳಗಿನ ಟ್ರ್ಯಾಕರ್‌ಗಳಿಗೆ (ಬೆನ್ನು ಹತ್ತುವ ಕೋಡ್‌ಗಳಿಗೆ) ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಇದೆ, ಆಂಡ್ರಾಯ್ಡ್ 9ರಿಂದ ಮೇಲೆ. ಡಿಎನ್‌ಎಸ್ ಅಂದರೆ ಫೋನು ಇಂಟರ್ನೆಟ್ ವಿಳಾಸಗಳನ್ನು ಕೇಳಿ ತಿಳಿಯುವ ಸೇವೆ. ಜಾಹೀರಾತು ತಡೆಯುವ ಆ್ಯಡ್‌ಗಾರ್ಡ್ ಕಂಪನಿಯವರು ಪುಕ್ಕಟೆ ಕೊಡುವ ಡಿಎನ್‌ಎಸ್ ವಿಳಾಸ ಅಲ್ಲಿ ತುಂಬಿದರೆ ಆಯ್ತು. ಯಾವುದಾದರೂ ಆ್ಯಪ್ ತಕರಾರು ಮಾಡಿದರೆ ಮತ್ತೆ ‘ಆಟೊಮ್ಯಾಟಿಕ್’ಗೆ ತಿರುಗಿಸಿ. ಯೂಟ್ಯೂಬ್, ಇನ್‌ಸ್ಟಾಗ್ರಾಂ ಒಳಗಿನ ಜಾಹೀರಾತು ಇದಕ್ಕೆ ಬಗ್ಗುವುದಿಲ್ಲ.

ಇಂಟರ್ನೆಟ್ ಸಂಪರ್ಕವನ್ನು ತನ್ನ ಮೂಲಕ ಹಾಯಿಸುವ ಪುಕ್ಕಟೆ ವಿಪಿಎನ್ ಆ್ಯಪ್ ಬೇಡ. ನಿಮ್ಮ ಓಡಾಟವೆಲ್ಲ ಅದನ್ನು ನಡೆಸುವ ಒಂದು ಕಂಪನಿಯ ಕೈ ದಾಟಿ ಹೋಗುತ್ತದೆ, ಅವರು ಯಾರೋ ಏನೋ. ಬ್ರೌಸರ್‌ನ ಇನ್‌ಕಾಗ್ನಿಟೊ (ಗುಪ್ತ ಕಿಟಕಿ) ಮನೆಯವರಿಗೆ ಹಿಸ್ಟರಿ ಕಾಣದಂತೆ ಮಾಡುತ್ತದೆ, ವೆಬ್‌ಸೈಟ್‌ಗಳಿಂದ ಮುಚ್ಚಿಡುವುದಿಲ್ಲ.

ಗೂಗಲ್‌ಗೆ ಲಾಗಿನ್ ಆಗಿಯೇ ಹುಡುಕಿದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ಖಾತೆಯ ‘ಮೈ ಆ್ಯಡ್ ಸೆಂಟರ್’ಗೆ ಹೋಗಿ ಪರ್ಸನಲೈಸ್ಡ್ ಆ್ಯಡ್ಸ್ ಆಫ್ ಮಾಡಿ. ಜಾಹೀರಾತು ಆಮೇಲೂ ಬರುತ್ತವೆ, ಆದರೆ ಬರೀ ಖಣದ್ದೇ ಇರುವುದಿಲ್ಲ.